ಹಾವಸೆಗೆ ಬಿಸಿಲೆಂದರೆ ಆಗದೇ? ನೀಲಿ ಮತ್ತು ಅತಿನೇರಳೆ ಬೆಳಕನ್ನು ಅದು ಗುರುತಿಸುವ ಬಗೆ

"ಬಿಸಿಲು ಬೀಳದ ಕಡೆ ಪಾಚಿ ಕಟ್ಟುತ್ತದೆ" ಎನ್ನುವ ಮಾತನ್ನು ಮಳೆಗಾಲದಲ್ಲಿ ಕೇಳದವರು ಕಡಿಮೆ. ಕಾಂಪೌಂಡ್ ಗೋಡೆ, ಬಾವಿಕಟ್ಟೆ, ಹಳೆಯ ಹೆಂಚು, ಬಚ್ಚಲ ಹಿಂದಿನ ಕಲ್ಲು, ಎಲ್ಲಿ ನೆರಳಿದೆಯೋ ಅಲ್ಲೆಲ್ಲ ಹಸಿರು ಹೊದಿಕೆ ಕಾಣುತ್ತದೆ. ಇದನ್ನು ನೋಡಿ ನಾವು ಬರುವ ತೀರ್ಮಾನವೂ ಸುಲಭದ್ದು: ಈ ಗಿಡಕ್ಕೆ ಬೆಳಕು ಬೇಡ, ಬಿಸಿಲು ತಾಗಿದರೆ ಸಾಯುತ್ತದೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಮಾತಿನಲ್ಲಿ ನಾವು ಕೆರೆಯ ನೀರಿನ ಮೇಲೆ ತೇಲುವುದನ್ನೂ ಗೋಡೆಯ ಮೇಲೆ ಬೆಳೆಯುವುದನ್ನೂ ಪಾಚಿ ಎಂದೇ ಕರೆಯುತ್ತೇವೆ. ಆದರೆ ಗೋಡೆಯ ಮೇಲೆ ಮಖಮಲ್ಲಿನಂತೆ ಹಬ್ಬಿ, ಹತ್ತಿರದಿಂದ ನೋಡಿದರೆ ಪುಟಾಣಿ ಕಾಂಡ ಮತ್ತು ಎಲೆ ಕಾಣಿಸುವ ಗಿಡವೇ ಬೇರೆ. ಅದನ್ನು ಇಂಗ್ಲಿಷಿನಲ್ಲಿ ಮಾಸ್ ಎನ್ನುತ್ತಾರೆ, ನಮ್ಮ ಪಠ್ಯಪುಸ್ತಕಗಳು ಹಾವಸೆ ಎನ್ನುತ್ತವೆ. ಈ ಲೇಖನ ಹಾವಸೆಯ ಬಗ್ಗೆ. ಜಗತ್ತಿನಲ್ಲಿ ಸುಮಾರು 12,000 ಬಗೆಯ ಹಾವಸೆಗಳಿವೆ.

ಇನ್ನು ಬಿಸಿಲಿನ ವಿಚಾರ. ಹಾವಸೆಗೆ ನೀರು ಹೀರಿ ಮೇಲಕ್ಕೆ ಸಾಗಿಸುವ ನಿಜವಾದ ಬೇರಿಲ್ಲ. ಮೈಮೇಲೆ ಬಿದ್ದ ನೀರನ್ನೇ ಅದು ಹೀರಿಕೊಳ್ಳಬೇಕು. ನೆರಳಿನಲ್ಲಿ ತೇವ ಹೆಚ್ಚು ಹೊತ್ತು ಉಳಿಯುವುದರಿಂದ ಅಲ್ಲಿ ಹೆಚ್ಚು ಬೆಳೆಯುತ್ತದೆ. ಅದು ಹುಡುಕುವುದು ನೆರಳನ್ನಲ್ಲ, ನೀರನ್ನು. ಮಲೆನಾಡಿನ ಹೆಂಚಿನ ಮೇಲೆ ಮಾರ್ಚ್ ತಿಂಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾದಂತೆ ಕಾಣುವ ಹಾವಸೆ ಬಹುಪಾಲು ಸತ್ತಿರುವುದಿಲ್ಲ. ನೀರಿಲ್ಲದೆ ಒಳಗಿನ ಕೆಲಸವನ್ನೆಲ್ಲ ನಿಲ್ಲಿಸಿ ಕುಳಿತಿರುತ್ತದೆ. ಮೊದಲ ಮಳೆ ಬಿದ್ದ ಮೇಲೆ ಮತ್ತೆ ಹಸಿರಾಗುತ್ತದೆ. (ಮರದ ಉತ್ತರ ಬದಿಯಲ್ಲೇ ಹಾವಸೆ ಬೆಳೆಯುತ್ತದೆ, ಅದನ್ನು ನೋಡಿ ದಿಕ್ಕು ಹೇಳಬಹುದು ಎನ್ನುವ ಮಾತೂ ಇದೆ. ಉತ್ತರದ ಶೀತ ದೇಶಗಳಲ್ಲಿ ಸೂರ್ಯ ಸದಾ ದಕ್ಷಿಣಕ್ಕೆ ವಾಲಿರುವುದರಿಂದ ಅಲ್ಲಿ ಅದಕ್ಕೆ ಅಲ್ಪಸ್ವಲ್ಪ ಅರ್ಥವಿರಬಹುದು. ಪಶ್ಚಿಮ ಘಟ್ಟದ ಕಾಡಿನಲ್ಲಿ ಇದನ್ನು ನಂಬಿ ಹೊರಟರೆ ದಾರಿ ತಪ್ಪುವುದು ಖಚಿತ. ಅಲ್ಲಿ ಹಾವಸೆ ಮರದ ಸುತ್ತಲೂ ಇರುತ್ತದೆ.)

ಹಾಗಾದರೆ ಹಾವಸೆಗೆ ಬೆಳಕಿನಿಂದ ಅಪಾಯವೇ ಇಲ್ಲವೇ? ಇದೆ, ಮತ್ತು ಬೇರೆ ಗಿಡಗಳಿಗಿಂತ ಹೆಚ್ಚಾಗಿಯೇ ಇದೆ. ಮಾವಿನ ಎಲೆಯನ್ನು ತೆಗೆದುಕೊಂಡರೆ ಅದರ ಮೇಲೆ ಮೇಣದ ಪದರ, ಅದರ ಕೆಳಗೆ ಹೊರಚರ್ಮ, ಅದರ ಕೆಳಗೆ ಹಲವು ಸಾಲು ಜೀವಕೋಶಗಳು ಇರುತ್ತವೆ. ಹೆಚ್ಚಿನ ಹಾವಸೆಗಳ ಎಲೆಗೆ ಇರುವುದು ಒಂದೇ ಒಂದು ಜೀವಕೋಶದ ದಪ್ಪ. ಪ್ರತಿಯೊಂದು ಜೀವಕೋಶವೂ ನೇರವಾಗಿ ಆಕಾಶಕ್ಕೆ ತೆರೆದುಕೊಂಡಿದೆ. ಇನ್ನೊಂದು ತೊಂದರೆಯೂ ಇದೆ. ನಮ್ಮ ಜೀವಕೋಶಗಳಲ್ಲಿ ಪ್ರತಿ ವಂಶವಾಹಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಪ್ರತಿಗಳಿರುತ್ತವೆ. ನಮಗೆ ಕಾಣುವ ಹಸಿರು ಹಾವಸೆಯ ಜೀವಕೋಶದಲ್ಲಿ ಇರುವುದು ಒಂದೇ ಪ್ರತಿ. ಅದು ಕೆಟ್ಟರೆ ಕೆಲಸ ಮುಂದುವರಿಸಲು ಇನ್ನೊಂದಿಲ್ಲ.

ಇಷ್ಟು ತೆಳ್ಳಗಿನ ಗಿಡ ಬಿಸಿಲನ್ನು ತಾಳಿಕೊಳ್ಳಬೇಕಾದರೆ ಎಷ್ಟು ಬೆಳಕು ಬೀಳುತ್ತಿದೆ ಎಂದು ತಿಳಿದರೆ ಸಾಲದು, ಯಾವ ಬಣ್ಣದ್ದು ಬೀಳುತ್ತಿದೆ ಎಂದೂ ತಿಳಿಯಬೇಕು.

ಬಿ-ಕಾಂಪ್ಲೆಕ್ಸ್ ಮಾತ್ರೆಯ ಹಳದಿ

ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಹೆಚ್ಚುಕಡಿಮೆ 400ರಿಂದ 700 ನ್ಯಾನೋಮೀಟರ್. ಇದರಲ್ಲಿ 400ರಿಂದ 500ರ ನಡುವಿನದು ನೇರಳೆ ಮತ್ತು ನೀಲಿ. 400ಕ್ಕಿಂತ ಕೆಳಗಿನದು ಅತಿನೇರಳೆ, ಅಂದರೆ ಜಾಹೀರಾತುಗಳಲ್ಲಿ ಯುವಿ ಎಂದು ಕೇಳುವ ಕಿರಣ. ಅದರಲ್ಲಿ 315ರಿಂದ 400ರವರೆಗಿನದು ಯುವಿ-ಎ, 280ರಿಂದ 315ರವರೆಗಿನದು ಯುವಿ-ಬಿ. ಅದಕ್ಕೂ ಕಿರಿದಾದ ಅಲೆಗಳು ನೆಲ ತಲುಪುವುದಿಲ್ಲ, ವಾತಾವರಣವೇ ತಡೆಯುತ್ತದೆ. ಯುವಿ-ಬಿಯ ಬಹುಪಾಲನ್ನು ಮೇಲಿನ ಓಜೋನ್ ಪದರ ಹೀರುತ್ತದೆ. ಸ್ವಲ್ಪ ಮಾತ್ರ ಕೆಳಗೆ ಬರುತ್ತದೆ. ಆ ಸ್ವಲ್ಪವೇ ಡಿಎನ್‌ಎಗೆ ಪೆಟ್ಟು ಕೊಡಲು ಸಾಕು.

ಗಿಡಗಳು ನೀಲಿಯನ್ನು ಗುರುತಿಸಲು ಬಳಸುವ ವಸ್ತು ನಮಗೆ ಅಪರಿಚಿತವೇನಲ್ಲ. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಗಾಢ ಹಳದಿಯಾಗುವುದನ್ನು ನೋಡಿರುತ್ತೀರಿ. ಆ ಬಣ್ಣ ರೈಬೋಫ್ಲೇವಿನ್‌ನದು, ಅಂದರೆ ವಿಟಮಿನ್ ಬಿ2ನದು. ಅದು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ನೀಲಿ ಹೋದ ಮೇಲೆ ಉಳಿದ ಬೆಳಕು ನಮಗೆ ಹಳದಿಯಾಗಿ ಕಾಣುತ್ತದೆ. ಗಿಡಗಳು ಇದೇ ರೈಬೋಫ್ಲೇವಿನ್ ಅನ್ನು ತಾವೇ ತಯಾರಿಸಿಕೊಂಡು, ಅದರಿಂದ ಮಾಡಿದ ಫ್ಲೇವಿನ್ ಎಂಬ ಅಣುಗಳನ್ನು ಕೆಲವು ಪ್ರೋಟೀನ್‌ಗಳೊಳಗೆ ಕೂರಿಸಿಕೊಂಡಿವೆ. ನೀಲಿ ಬೆಳಕು ಬಿದ್ದಾಗ ಫ್ಲೇವಿನ್ ಅದನ್ನು ಹೀರುತ್ತದೆ, ಸುತ್ತಲಿನ ಪ್ರೋಟೀನಿನ ಆಕಾರ ಬದಲಾಗುತ್ತದೆ, ಆ ಬದಲಾವಣೆಯೇ ಜೀವಕೋಶಕ್ಕೆ ಸುದ್ದಿಯಾಗುತ್ತದೆ. ಅಷ್ಟೇ. ಇಲ್ಲಿ ಕಣ್ಣೂ ಇಲ್ಲ, ಮಿದುಳೂ ಇಲ್ಲ. "ಸಸ್ಯಗಳು ನಿಮ್ಮನ್ನು ನೋಡುತ್ತಿವೆ" ಎನ್ನುವ ಬಗೆಯ ಶೀರ್ಷಿಕೆಗಳು ಆಗಾಗ ಹರಿದಾಡುತ್ತವೆ. ವಿಜ್ಞಾನ ಬರಹಕ್ಕೆ ಅವು ಉಪಕಾರ ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನಿಜವಾಗಿ ನಡೆಯುವುದು ಅದಕ್ಕಿಂತ ಕುತೂಹಲಕಾರಿಯಾಗಿದೆ.

ಇಂಥ ನೀಲಿ ಗುರುತಿಸುವ ಪ್ರೋಟೀನ್‌ಗಳಲ್ಲಿ ಎರಡು ಕುಟುಂಬಗಳು ಮುಖ್ಯ: ಕ್ರಿಪ್ಟೋಕ್ರೋಮ್ ಮತ್ತು ಫೋಟೋಟ್ರೋಪಿನ್. ಕ್ರಿಪ್ಟೋಕ್ರೋಮ್ ಎಂದರೆ ಗುಪ್ತ ಬಣ್ಣ. ನೀಲಿ ಬೆಳಕಿಗೆ ಗಿಡಗಳು ಪ್ರತಿಕ್ರಿಯಿಸುತ್ತವೆ ಎಂದು 19ನೇ ಶತಮಾನದಿಂದಲೇ ಗೊತ್ತಿದ್ದರೂ ಅದರ ಹಿಂದಿರುವ ವಸ್ತು ಯಾವುದೆಂದು ಬಹುಕಾಲ ಸಿಕ್ಕಿರಲಿಲ್ಲ. ಕೊನೆಗೆ 1993ರಲ್ಲಿ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಅದರ ವಂಶವಾಹಿ ಪತ್ತೆಯಾಯಿತು.

ಹಾವಸೆಯಲ್ಲಿ ಅದು ಏನು ಮಾಡುತ್ತದೆ ಎಂದು ತಿಳಿಯಲು ಪ್ರಯೋಗಶಾಲೆಯ ಒಂದು ಹಾವಸೆ ನೆರವಾಯಿತು. ಅದರ ಹೆಸರು ಫಿಸ್ಕೋಮಿಟ್ರಿಯಮ್ ಪೇಟೆನ್ಸ್. 1962ರಲ್ಲಿ ಇಂಗ್ಲೆಂಡಿನ ಗ್ರಾನ್ಸ್‌ಡೆನ್ ಎಂಬ ಕಾಡಿನಿಂದ ತಂದ ಮಾದರಿಯ ಸಂತತಿಯೇ ಇಂದು ಹಲವು ದೇಶಗಳ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿದೆ. ಇದರ ಅನುಕೂಲವೆಂದರೆ, ಬೇಕಾದ ವಂಶವಾಹಿಯನ್ನು ನಿಖರವಾಗಿ ಆರಿಸಿ ಕೆಡಿಸಬಹುದು. ಪ್ರತಿ ಇರುವುದು ಒಂದೇ ಆದ್ದರಿಂದ ಕೆಡಿಸಿದ ಪರಿಣಾಮ ತಕ್ಷಣ ಕಾಣುತ್ತದೆ. ಮೇಲೆ ಹೇಳಿದ ದೌರ್ಬಲ್ಯ ಸಂಶೋಧಕರಿಗೆ ವರವಾಗಿದ್ದು ಹೀಗೆ. 2008ರಲ್ಲಿ ಇದರ ಇಡೀ ಜೀನೋಮ್ ಪ್ರಕಟವಾಯಿತು.

ಹಾವಸೆಯ ಬದುಕು ಶುರುವಾಗುವುದು ಬೀಜದಿಂದಲ್ಲ, ಬೀಜಕದಿಂದ. ಬೀಜಕ ಮೊಳೆತು ಮೊದಲು ನೂಲಿನಂಥ ಹಸಿರು ತಂತುಗಳಾಗಿ ಹರಡುತ್ತದೆ. ತಂತು ಅಲ್ಲಲ್ಲಿ ಕವಲೊಡೆಯುತ್ತದೆ, ಕೆಲವು ಕವಲುಗಳು ಮೊಗ್ಗಾಗಿ ಎಲೆ ಇರುವ ಗಿಡವಾಗುತ್ತವೆ. ಎಲ್ಲಿ ಕವಲೊಡೆಯಬೇಕು, ಯಾವಾಗ ಗಿಡವಾಗಿ ಏಳಬೇಕು? ಜಪಾನಿನ ಮಸಾಮಿತ್ಸು ವಾಡಾ ಮತ್ತು ಸಂಗಡಿಗರು ಈ ಹಾವಸೆಯಲ್ಲಿರುವ ಎರಡೂ ಕ್ರಿಪ್ಟೋಕ್ರೋಮ್ ವಂಶವಾಹಿಗಳನ್ನು ಕೆಡಿಸಿ ನೋಡಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂತುಗಳು ಕವಲೊಡೆಯುವುದೂ ಎಲೆಗಿಡ ಹುಟ್ಟುವುದೂ ಏರುಪೇರಾಗಿತ್ತು. ಇನ್ನೂ ಮುಖ್ಯವಾಗಿ, ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನಿಗೆ ಈ ಹಾವಸೆಗಳು ಅತಿಯಾಗಿ ಸ್ಪಂದಿಸುತ್ತಿದ್ದವು, ಅದೂ ನೀಲಿ ಬೆಳಕಿನಲ್ಲಿ ಮಾತ್ರ. ಅಂದರೆ ಸಾಮಾನ್ಯ ಹಾವಸೆಯಲ್ಲಿ ನೀಲಿ ಬೆಳಕು ಕ್ರಿಪ್ಟೋಕ್ರೋಮ್ ಮೂಲಕ ಆ ಹಾರ್ಮೋನಿನ ಪ್ರಭಾವವನ್ನು ಹಿಡಿತದಲ್ಲಿ ಇಡುತ್ತದೆ.

ನೀಲಿಗೇ ಏಕೆ ಇಷ್ಟು ಮಹತ್ವ? ದಟ್ಟ ಮರದ ಕೆಳಗೆ ನಿಂತರೆ ಮೇಲಿನ ಎಲೆಗಳು ನೀಲಿ ಮತ್ತು ಕೆಂಪನ್ನು ಬಹುಪಾಲು ಹೀರಿಬಿಟ್ಟಿರುತ್ತವೆ. ತೆರೆದ ಆಕಾಶದ ಕೆಳಗೆ, ಗೋಡೆಯ ನೆರಳಿನಲ್ಲಿದ್ದರೂ, ಚದುರಿದ ನೀಲಿ ಧಾರಾಳವಾಗಿ ಸಿಗುತ್ತದೆ. ಆದ್ದರಿಂದ ನೀಲಿಯ ಪ್ರಮಾಣ ಗೊತ್ತಾದರೆ ತನ್ನ ತಲೆಯ ಮೇಲೆ ಎಲೆಗಳಿವೆಯೇ, ಬಯಲೇ ಎಂಬುದು ಹೆಚ್ಚುಕಡಿಮೆ ತಿಳಿದಂತೆ.

ಜೀವಕೋಶದೊಳಗೆ ಜಾಗ ಬದಲಿಸುವ ಹಸಿರು ಕಣಗಳು

ಹಾವಸೆ ಎದ್ದು ನೆರಳಿಗೆ ಹೋಗಲಾರದು. ಆದರೆ ಅದರ ಜೀವಕೋಶದೊಳಗಿನ ಹಸಿರು ಕಣಗಳು, ಅಂದರೆ ಕ್ಲೋರೋಪ್ಲಾಸ್ಟ್‌ಗಳು ಹೋಗಬಲ್ಲವು. ಬೆಳಕು ಮಂದವಾಗಿದ್ದರೆ ಅವು ಬೆಳಕಿಗೆ ಎದುರಾದ ಗೋಡೆಯ ಬಳಿ ಬಂದು ಹರಡಿಕೊಳ್ಳುತ್ತವೆ. ಬೆಳಕು ಅತಿಯಾದರೆ ಪಕ್ಕದ ಗೋಡೆಗಳಿಗೆ ಸರಿದು ಒಂದರ ಹಿಂದೆ ಒಂದು ನಿಲ್ಲುತ್ತವೆ. ಈ ಚಲನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಎಲೆ ಒಂದೇ ಪದರದ್ದಾದ್ದರಿಂದ ಹಾವಸೆಯಲ್ಲಿ ನೋಡುವುದು ಇನ್ನೂ ಸುಲಭ.

ಇದನ್ನು ನಡೆಸುವುದು ಫೋಟೋಟ್ರೋಪಿನ್‌ಗಳು. ಹೀಗೆ ಸರಿಯುವುದು ಅಲಂಕಾರಕ್ಕಲ್ಲ ಎಂಬುದು ಅರಾಬಿಡಾಪ್ಸಿಸ್‌ನಲ್ಲಿ ಸಾಬೀತಾಗಿದೆ. ಹಸಿರು ಕಣಗಳು ಸರಿಯಲಾರದಂತೆ ಮಾಡಿದ ಗಿಡಗಳು ತೀಕ್ಷ್ಣ ಬೆಳಕಿನಲ್ಲಿ ಹೆಚ್ಚು ಹಾನಿಗೊಳಗಾದವು. ಹಾವಸೆಯಲ್ಲಿ ಒಂದು ವಿಶೇಷವಿದೆ. ಅದರ ಹಸಿರು ಕಣಗಳು ನೀಲಿಗೆ ಮಾತ್ರವಲ್ಲ, ಕೆಂಪು ಬೆಳಕಿಗೂ ಚಲಿಸುತ್ತವೆ. ಕೆಂಪನ್ನು ಗುರುತಿಸುವುದು ಫೈಟೋಕ್ರೋಮ್ ಎಂಬ ಬೇರೆಯೇ ಪ್ರೋಟೀನ್. ಆದರೆ ಫೋಟೋಟ್ರೋಪಿನ್‌ಗಳನ್ನು ಕೆಡಿಸಿದಾಗ ಕೆಂಪಿಗೆ ಆಗುವ ಚಲನೆಯೂ ನಿಂತುಹೋಯಿತು. ಕೆಂಪಿನ ಸುದ್ದಿಯೂ ನೀಲಿಯ ಬಾಗಿಲ ಮೂಲಕವೇ ಹಾದುಹೋಗುತ್ತಿದೆ.

ಇಲ್ಲೊಂದು ತಪ್ಪು ಕಲ್ಪನೆ ನೆನಪಾಗುತ್ತದೆ. ಗುಹೆಗಳಲ್ಲಿ ಹೊಳೆಯುವ ಹಾವಸೆಯ ಚಿತ್ರಗಳನ್ನು ನೋಡಿರಬಹುದು. ಶಿಸ್ಟೋಸ್ಟೆಗಾ ಪೆನ್ನಾಟಾ ಎಂಬ ಈ ಜಾತಿ ಜಪಾನ್, ಯುರೋಪ್, ಉತ್ತರ ಅಮೆರಿಕಗಳಲ್ಲಿದೆ. ಅದು ಮಿಂಚುಹುಳುವಿನಂತೆ ಬೆಳಕು ತಯಾರಿಸುವುದಿಲ್ಲ. ಅದರ ತಂತುಗಳ ಜೀವಕೋಶಗಳು ಮಸೂರದ ಆಕಾರದಲ್ಲಿದ್ದು, ಗುಹೆಯ ಬಾಯಿಂದ ಬರುವ ಅಲ್ಪ ಬೆಳಕನ್ನು ಹಿಂಬದಿಯ ಹಸಿರು ಕಣಗಳ ಮೇಲೆ ಒಟ್ಟುಗೂಡಿಸುತ್ತವೆ. ಬಳಕೆಯಾಗದೆ ಹಿಂದಿರುಗಿದ ಬೆಳಕು ನಮಗೆ ಹೊಳಪಾಗಿ ಕಾಣುತ್ತದೆ, ರಾತ್ರಿ ಹೊತ್ತು ಬೆಕ್ಕಿನ ಕಣ್ಣು ಹೊಳೆದಂತೆ.

ಯುವಿ ಬಂದಾಗ ಬೇರ್ಪಡುವ ಜೋಡಿ

ಯುವಿ-ಬಿಯನ್ನು ಗುರುತಿಸುವ ಪ್ರೋಟೀನಿನ ಹೆಸರು ಯುವಿಆರ್-8. ಅದು ಕೆಲಸ ಮಾಡುವ ಬಗೆ ಸ್ಪಷ್ಟವಾಗಿದ್ದು 2011ರಲ್ಲಿ. ಇದರಲ್ಲಿ ಫ್ಲೇವಿನ್‌ನಂಥ ಪ್ರತ್ಯೇಕ ಬಣ್ಣದ ವಸ್ತುವಿಲ್ಲ. ಪ್ರೋಟೀನಿನ ಸ್ವಂತ ಇಟ್ಟಿಗೆಗಳಲ್ಲೊಂದಾದ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲವೇ ಯುವಿ-ಬಿಯನ್ನು ಹೀರುತ್ತದೆ. ಕತ್ತಲಲ್ಲಿ ಎರಡು ಯುವಿಆರ್-8 ಅಣುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಯುವಿ-ಬಿ ತಾಗಿದೊಡನೆ ಜೋಡಿ ಬೇರ್ಪಡುತ್ತದೆ. ಒಂಟಿಯಾದ ಅಣು ಕಾಪ್-1 ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಬೆಳಕಿಗೆ ಹೊಂದಿಕೊಳ್ಳಲು ಬೇಕಾದ ವಂಶವಾಹಿಗಳನ್ನು ಎಬ್ಬಿಸುವ ಪ್ರೋಟೀನ್‌ಗಳನ್ನು ನಾಶಕ್ಕೆ ಕಳಿಸುವುದು ಕಾಪ್-1ರ ಮಾಮೂಲಿ ಕೆಲಸ. ಅದನ್ನು ಕಟ್ಟಿಹಾಕಿದಾಗ ಆ ವಂಶವಾಹಿಗಳು ಎಚ್ಚರಗೊಂಡು, ಯುವಿಯನ್ನು ಹೀರುವ ಫ್ಲೇವೊನಾಯ್ಡ್‌ನಂಥ ವಸ್ತುಗಳು ತಯಾರಾಗತೊಡಗುತ್ತವೆ. ಗಿಡ ತನ್ನ ಸನ್‌ಸ್ಕ್ರೀನ್ ತಾನೇ ಬಳಿದುಕೊಂಡಂತೆ.

ನಮ್ಮ ಫಿಸ್ಕೋಮಿಟ್ರಿಯಮ್‌ನಲ್ಲಿ ಯುವಿಆರ್-8ರ ಎರಡು ವಂಶವಾಹಿಗಳಿವೆ. ಯುವಿಆರ್-8 ಕೆಟ್ಟುಹೋದ ಅರಾಬಿಡಾಪ್ಸಿಸ್ ಗಿಡಕ್ಕೆ ಹಾವಸೆಯ ಯುವಿಆರ್-8 ಹಾಕಿದಾಗ ಆ ಗಿಡ ಮತ್ತೆ ಯುವಿ-ಬಿಗೆ ಸ್ಪಂದಿಸಿತು ಎಂದು 2018ರಲ್ಲಿ ವರದಿಯಾಯಿತು. ಹಾವಸೆಯ ವಂಶ ಮತ್ತು ಹೂಬಿಡುವ ಗಿಡಗಳ ವಂಶ ಬೇರೆಯಾಗಿ 40 ಕೋಟಿ ವರ್ಷಕ್ಕೂ ಹೆಚ್ಚು ಕಾಲವಾಗಿದೆ. ಆದರೂ ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತದೆ. ನೀರಿನಲ್ಲಿದ್ದ ಪೂರ್ವಜರು ನೆಲಕ್ಕೆ ಬಂದಾಗ ಎದುರಾದ ದೊಡ್ಡ ಸವಾಲುಗಳಲ್ಲಿ ಬಿಸಿಲಿನ ಯುವಿಯೂ ಒಂದು ಎಂಬ ಮಾತಿಗೆ ಇದು ಬಲ ಕೊಡುತ್ತದೆ.

ಮನೆಯಲ್ಲಿ ಗಾಜಿನ ಬುರುಡೆಯಲ್ಲಿ ಹಾವಸೆ ಬೆಳೆಸುವವರಿಗೆ ಒಂದು ಮಾತು. ಮಾಮೂಲಿ ಗಾಜು ನೀಲಿಯನ್ನು ಒಳಗೆ ಬಿಟ್ಟು ಯುವಿ-ಬಿಯನ್ನು ಬಹುಪಾಲು ತಡೆಯುತ್ತದೆ. ಒಳಗಿನ ಹಾವಸೆಗೆ ಯುವಿಆರ್-8ರ ಎಚ್ಚರಿಕೆ ಸಿಕ್ಕೇ ಇರುವುದಿಲ್ಲ. ಅದನ್ನು ಹೊರಗೆ ನೆಡುವುದಾದರೆ ಒಮ್ಮೆಗೇ ಬಿಸಿಲಿಗಿಡದೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಒಗ್ಗಿಸುವುದು ಒಳ್ಳೆಯದು.

ಗಾಯ ಮಾಡುವುದೂ ಬೆಳಕು, ವಾಸಿ ಮಾಡುವುದೂ ಬೆಳಕು

ಸನ್‌ಸ್ಕ್ರೀನ್ ಎಷ್ಟೇ ಇದ್ದರೂ ಸ್ವಲ್ಪ ಯುವಿ-ಬಿ ಡಿಎನ್‌ಎ ತಲುಪುತ್ತದೆ. ಅಲ್ಲಿ ಅಕ್ಕಪಕ್ಕದ ಎರಡು ಅಕ್ಷರಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಬೆಸೆದ ಜಾಗವನ್ನು ಜೀವಕೋಶ ಸರಿಯಾಗಿ ಓದಲಾರದು.

1949ರಲ್ಲಿ ಅಮೆರಿಕದ ಆಲ್ಬರ್ಟ್ ಕೆಲ್ನರ್ ಸೂಕ್ಷ್ಮಜೀವಿಗಳಿಗೆ ಯುವಿ ಹಾಯಿಸಿ ಎಷ್ಟು ಬದುಕುತ್ತವೆ ಎಂದು ಎಣಿಸುತ್ತಿದ್ದರು. ಲೆಕ್ಕ ಒಮ್ಮೆ ಒಂದು ಬಗೆ, ಇನ್ನೊಮ್ಮೆ ಮತ್ತೊಂದು ಬಗೆ ಬರುತ್ತಿತ್ತು. ಮೊದಲು ಉಷ್ಣಾಂಶದ ಮೇಲೆ ಅನುಮಾನ ಬಂತು. ಕೊನೆಗೆ ಗೊತ್ತಾಯಿತು, ಯುವಿ ಪೆಟ್ಟು ತಿಂದ ಮೇಲೆ ಸಾಧಾರಣ ಬೆಳಕಿಗೆ ತೆರೆದಿಟ್ಟವು ಚೇತರಿಸಿಕೊಳ್ಳುತ್ತಿದ್ದವು. ಇದರ ಹಿಂದಿರುವುದು ಫೋಟೋಲಯೇಸ್ ಎಂಬ ಕಿಣ್ವ. ಅದರೊಳಗೂ ಇರುವುದು ಫ್ಲೇವಿನ್ ಎಂಬ ಅದೇ ಬಿ2 ಮೂಲದ ಅಣು. ನೀಲಿ ಮತ್ತು ಯುವಿ-ಎ ಬೆಳಕಿನ ಶಕ್ತಿಯನ್ನು ಬಳಸಿ ಅದು ಬೆಸುಗೆಯನ್ನು ಬಿಡಿಸುತ್ತದೆ. ಡಿಎನ್‌ಎ ದುರಸ್ತಿಯ ಮೇಲಿನ ಕೆಲಸಕ್ಕೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಅಜೀಜ್ ಸಂಜಾರ್ ತಮ್ಮ ಸಂಶೋಧನೆ ಶುರುಮಾಡಿದ್ದು ಇದೇ ಕಿಣ್ವದಿಂದ.

ಹಾವಸೆಗಳಲ್ಲಿ ಫೋಟೋಲಯೇಸ್ ಇದೆ. ಕ್ರಿಪ್ಟೋಕ್ರೋಮ್‌ಗಳು ಈ ದುರಸ್ತಿ ಕಿಣ್ವದ ಕುಟುಂಬದಿಂದಲೇ ಬಂದವು ಎಂಬುದು ಎರಡರ ರಚನೆಯನ್ನು ಹೋಲಿಸಿದಾಗ ಕಾಣುತ್ತದೆ. ರಿಪೇರಿ ಮಾಡುತ್ತಿದ್ದವನ ಮನೆತನದಲ್ಲೇ ಸುದ್ದಿ ಹೇಳುವವನೂ ಹುಟ್ಟಿದ.

ನಮ್ಮಲ್ಲಿ? ಮನುಷ್ಯರೂ ಸೇರಿದಂತೆ ಗರ್ಭದಲ್ಲಿ ಮಾಸು ಬೆಳೆಸುವ ಸಸ್ತನಿಗಳು ಫೋಟೋಲಯೇಸ್ ಕಳೆದುಕೊಂಡಿವೆ. ಕಾಂಗರೂಗಳಲ್ಲಿ ಇನ್ನೂ ಇದೆ. ನಮ್ಮ ದೇಹದಲ್ಲೂ ಕ್ರಿಪ್ಟೋಕ್ರೋಮ್‌ಗಳಿವೆ, ಆದರೆ ಅವು ಹಗಲು ರಾತ್ರಿಯ ಜೈವಿಕ ಗಡಿಯಾರ ನಡೆಸುತ್ತವೆ, ಡಿಎನ್‌ಎ ರಿಪೇರಿ ಮಾಡುವುದಿಲ್ಲ. ನಮ್ಮ ಚರ್ಮ ಕೆಟ್ಟ ತುಂಡನ್ನು ಕತ್ತರಿಸಿ ಹೊಸದು ಹಾಕುವ ನಿಧಾನದ ದಾರಿಯನ್ನು ನೆಚ್ಚಿಕೊಂಡಿದೆ. ಹೀಗಾಗಿ ಬಿಸಿಲಿನ ಪೆಟ್ಟಿಗೆ ಬಿಸಿಲೇ ಮದ್ದು ಎಂಬುದು ಹಾವಸೆಯ ಮಟ್ಟಿಗೆ ನಿಜ, ನಮ್ಮ ಮಟ್ಟಿಗೆ ಅಲ್ಲ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಹಾವಸೆಗೆ ಆಗುವ ಹಾನಿ ಯುವಿ-ಬಿ ಎಷ್ಟಿದೆ ಎನ್ನುವುದರ ಮೇಲಷ್ಟೇ ನಿಂತಿಲ್ಲ. ಜೊತೆಗೆ ನೀಲಿ ಮತ್ತು ಯುವಿ-ಎ ಎಷ್ಟಿದೆ ಎನ್ನುವುದೂ ಮುಖ್ಯ. ಮಂದ ಬೆಳಕಿನ ಕೋಣೆಯಲ್ಲಿ ಬರೀ ಯುವಿ ದೀಪ ಹಾಯಿಸಿ ಮಾಡಿದ ಪ್ರಯೋಗದಲ್ಲಿ ಹಾನಿ ಬಯಲಿನಲ್ಲಿ ಆಗುವುದಕ್ಕಿಂತ ಹೆಚ್ಚು ಕಾಣುವುದು ಇದರಿಂದಲೇ. ಅಂಥ ಪ್ರಯೋಗದ ಅಂಕಿ ಹಿಡಿದು ಬಂದ ಸುದ್ದಿಯನ್ನು ಓದುವಾಗ ಹಿನ್ನೆಲೆಯ ಬೆಳಕು ಎಷ್ಟಿತ್ತು ಎಂದು ಕೇಳಬೇಕು. ಇನ್ನೊಂದೆಡೆ, ಓಜೋನ್ ತೆಳುವಾದರೆ ಹೆಚ್ಚುವುದು ಯುವಿ-ಬಿ ಮಾತ್ರ, ನೀಲಿ ಇದ್ದಷ್ಟೇ ಇರುತ್ತದೆ. ಗಾಯ ಹೆಚ್ಚುತ್ತದೆ, ಮದ್ದು ಹೆಚ್ಚುವುದಿಲ್ಲ.

ಓಜೋನ್ ರಂಧ್ರದ ಕೆಳಗೆ

ಇದು ಊಹೆಯ ಪ್ರಶ್ನೆಯಾಗಿ ಉಳಿಯದ ಜಾಗ ಅಂಟಾರ್ಕ್ಟಿಕಾ. ಅಲ್ಲಿ ಮರಗಳಿಲ್ಲ. ಬಂಡೆಗಳ ನಡುವೆ ಹಿಮ ಕರಗಿ ನೀರು ಹರಿಯುವಲ್ಲಿ ಹಬ್ಬಿದ ಹಾವಸೆಯೇ ಅಲ್ಲಿನ ಕಾಡು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಆ ಖಂಡದ ಮೇಲಿನ ಓಜೋನ್ ವಸಂತಕಾಲದಲ್ಲಿ ತೀವ್ರವಾಗಿ ಕುಸಿಯುತ್ತಿದೆ ಎಂದು ವರದಿ ಮಾಡಿದರು. ಫ್ರಿಜ್ ಮತ್ತು ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳನ್ನು ಹತೋಟಿಗೆ ತರಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು.

ಪೂರ್ವ ಅಂಟಾರ್ಕ್ಟಿಕಾದ ಕೇಸಿ ಎಂಬ ಆಸ್ಟ್ರೇಲಿಯಾದ ಸಂಶೋಧನಾ ನೆಲೆಯ ಸುತ್ತ ಶರೋನ್ ರಾಬಿನ್‌ಸನ್ ಮತ್ತು ಸಂಗಡಿಗರು ಬಹುಕಾಲದಿಂದ ಮೂರು ಹಾವಸೆಗಳನ್ನು ಅಧ್ಯಯನ ಮಾಡುತ್ತಿದ್ದಾರೆ. ಸೆರಟೋಡಾನ್ ಪರ್ಪ್ಯೂರಿಯಸ್ ಮತ್ತು ಬ್ರಯಮ್ ಸ್ಯೂಡೋಟ್ರೈಕ್ವೆಟ್ರಮ್ ಜಗತ್ತಿನ ಬೇರೆ ಕಡೆಯೂ ಸಿಗುತ್ತವೆ. ಶಿಸ್ಟಿಡಿಯಮ್ ಅಂಟಾರ್ಕ್ಟಿಸಿ ಅಲ್ಲಿಯದೇ, ಬೇರೆಲ್ಲೂ ಇಲ್ಲ. ಸೆರಟೋಡಾನ್ ತನ್ನ ಯುವಿ ತಡೆಯುವ ವಸ್ತುಗಳಲ್ಲಿ ಹೆಚ್ಚಿನದನ್ನು ಜೀವಕೋಶದ ಗೋಡೆಗೇ ಬೆಸೆದುಕೊಂಡಿರುತ್ತದೆ. ಇದರ ಲಾಭ ತಿಳಿಯುವುದು ಹಾವಸೆ ಒಣಗಿದಾಗ. ಒಣಗಿದ ಹಾವಸೆಯಲ್ಲಿ ಎಲ್ಲ ಕೆಲಸವೂ ನಿಂತಿರುತ್ತದೆ, ಫೋಟೋಲಯೇಸ್ ಕೂಡ. ಬಿಸಿಲು ಮಾತ್ರ ನಿಂತಿರುವುದಿಲ್ಲ. ಆಗ ನೆರವಿಗೆ ಬರುವುದು ಮೊದಲೇ ಗೋಡೆಯಲ್ಲಿ ಸೇರಿಕೊಂಡ ಪರದೆ ಮಾತ್ರ.

ಈ ಮೂರನ್ನೂ ಪ್ರಯೋಗಶಾಲೆಯಲ್ಲಿ ಹಸಿಯಾಗಿಯೂ ಒಣಗಿಸಿಯೂ ಯುವಿ-ಬಿಗೆ ಒಡ್ಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸೆರಟೋಡಾನ್ ಮತ್ತು ಬ್ರಯಮ್‌ಗಳಲ್ಲಿ ಒಣಗಿದ ಸ್ಥಿತಿಯಲ್ಲಿ ಡಿಎನ್‌ಎ ಬೆಸುಗೆಯ ಒಂದು ಮುಖ್ಯ ಬಗೆ ಹಸಿ ಸ್ಥಿತಿಗಿಂತ ಕನಿಷ್ಠ ಶೇ. 60ರಷ್ಟು ಕಡಿಮೆಯಿತ್ತು. ಅಲ್ಲಿಯದೇ ಆದ ಶಿಸ್ಟಿಡಿಯಮ್‌ಗೆ ಮಾತ್ರ ಒಣಗುವುದರಿಂದ ರಕ್ಷಣೆ ಸಿಗಲಿಲ್ಲ, ಮತ್ತು ಮೂರರಲ್ಲಿ ಹೆಚ್ಚು ಹಾನಿಯಾದದ್ದೂ ಅದಕ್ಕೇ. ಹೊರಗಿನಿಂದಲೂ ಬಂದು ನೆಲೆಸಬಲ್ಲ ಜಾತಿಗಳು ತಡೆದುಕೊಂಡವು, ಬೇರೆ ಊರೇ ಇಲ್ಲದ್ದು ಸೋತಿತು.

ಬಯಲಿನಲ್ಲೂ 2000ದಿಂದ 2013ರ ನಡುವೆ ಶಿಸ್ಟಿಡಿಯಮ್ ಹಿಂದೆ ಸರಿದು ಉಳಿದೆರಡು ಮುಂದೊತ್ತಿದ್ದು ದಾಖಲಾಗಿದೆ. ಹಸಿರು ಹಾಸುಗಳಲ್ಲಿ ಕೆಲವು ಮೊದಲು ಕೆಂಪಾಗಿ, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿದವು. ಇದನ್ನು ನೇರವಾಗಿ ಯುವಿಯ ತಲೆಗೆ ಕಟ್ಟುವುದು ಸರಿಯಲ್ಲ. ಸಂಶೋಧಕರು ಗುರುತಿಸಿದ ಮುಖ್ಯ ಕಾರಣ ಆ ಪ್ರದೇಶ ಒಣಗುತ್ತಿರುವುದು. ಆದರೆ ಒಣಗಿಸುತ್ತಿರುವ ಗಾಳಿಯ ಬದಲಾವಣೆಯಲ್ಲಿ ಹವಾಮಾನ ಬದಲಾವಣೆಯ ಜೊತೆ ಓಜೋನ್ ರಂಧ್ರದ ಪಾಲೂ ಇದೆ. ಒಣಗಿದ ಹಾವಸೆಗೆ ರಿಪೇರಿ ಸಾಧ್ಯವಿಲ್ಲ ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ ಎರಡೂ ತೊಂದರೆಗಳು ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ತಿಳಿಯುತ್ತದೆ.

ಇಷ್ಟು ವರ್ಷ ಈ ಹಾವಸೆಗಳನ್ನು ಕಾಪಾಡಿದ್ದರಲ್ಲಿ ಹಿಮದ ಪಾಲೂ ದೊಡ್ಡದು. ಓಜೋನ್ ರಂಧ್ರ ಹಿಗ್ಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಹಾವಸೆ ಹಿಮದಡಿ ಇರುತ್ತದೆ. ಅದು ಹೊರಗೆ ಬರುವ ಹೊತ್ತಿಗೆ ರಂಧ್ರ ಮುಚ್ಚಿಕೊಳ್ಳುತ್ತಿತ್ತು. 2020ರಿಂದ 2023ರವರೆಗೆ ಸಾಲಾಗಿ ನಾಲ್ಕು ವರ್ಷ ರಂಧ್ರ ಡಿಸೆಂಬರಿನವರೆಗೂ ಉಳಿಯಿತು. ಅಂಟಾರ್ಕ್ಟಿಕಾದ ಓಜೋನ್ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಎಂದು ವಿಶ್ವಸಂಸ್ಥೆ ಬೆಂಬಲದ ತಜ್ಞರ ತಂಡ ಅಂದಾಜಿಸಿದೆ. ಅಲ್ಲಿನ ಹಾವಸೆಗಳು ವರ್ಷಕ್ಕೆ ಬೆಳೆಯುವುದು 0.2ರಿಂದ 3.5 ಮಿಲಿಮೀಟರ್. ಇವತ್ತು ಕೆಂಪಾಗಿ ನಿಂತಿರುವ ಹಾಸೊಂದು ಆ ವರ್ಷದವರೆಗೆ ಉಳಿದುಕೊಂಡರೂ, ನಿಧಾನವಾಗಿ ಬೆಳೆಯುವ ಜಾಗದಲ್ಲಿದ್ದರೆ, ಅಷ್ಟರೊಳಗೆ ಒಂದು ಸೆಂಟಿಮೀಟರ್ ಕೂಡ ಎತ್ತರವಾಗಿರುವುದಿಲ್ಲ.